ಪ್ರಚಾರ ಕಚೇರಿಯ ಗುಂಡಿ

ಹದಿನೈದು ದಿನದ ಕೆಲಸ ಎಂದು ಕರೆದಿದ್ದರು. ನೂರಾ ಆರನೆಯ ದಿನ ನಡೆಯುತ್ತಿತ್ತು.

ಕಕ್ಕಸು ತೊಳೆಯುವ ಫಿನಾಯಿಲಕ್ಕ ಮೊದಲ ದಿನ ಬಂದಾಗ ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಈಗ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಚುನಾವಣೆ ಮಾತ್ರ ಇನ್ನೂ ಬಂದಿರಲಿಲ್ಲ. ದಿನ ಗೊತ್ತಾಯಿತು, ಯಾರೋ ಕೋರ್ಟಿಗೆ ಹೋದರು, ದಿನ ಮುಂದೆ ಹೋಯಿತು. ಆಮೇಲೆ ಒಂದೇ ಸಲ ಬೇಡ, ಏಳು ಕಂತಿನಲ್ಲಿ ಮಾಡೋಣ ಎಂದರು. ಈ ಊರು ಏಳನೆಯ ಕಂತಿಗೆ ಬಿತ್ತು. ಹೆರಿಗೆ ನೋವು ನಾಲ್ಕು ತಿಂಗಳು ಎಳೆದರೆ ಮಗುವೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ. ಆದರೆ ಇಲ್ಲಿ ನೋವು ತಿನ್ನುವವರು ಬೇರೆ, ಬಾಣಂತಿ ಊಟ ಉಣ್ಣುವವರು ಬೇರೆ. ಉಣ್ಣುವವರಿಗೆ ಅವಸರ ಎಲ್ಲಿಯದು?

ಪ್ರಚಾರ ಕಚೇರಿ ಎಂದರೆ ಮುಚ್ಚಿಹೋದ ಒಂದು ಬಟ್ಟೆ ಅಂಗಡಿ. ಮೂರು ಅಂತಸ್ತು. ಕೆಳಗೆ ಬಾವುಟ, ಶಾಲು, ಟೋಪಿ, ಅಭ್ಯರ್ಥಿಯ ಮುಖ ಅಚ್ಚು ಹಾಕಿದ ಕರಪತ್ರದ ಕಟ್ಟುಗಳು, ಸೂರು ಮುಟ್ಟುವ ಹಾಗೆ. ನಡುವಿನ ಅಂತಸ್ತಿನಲ್ಲಿ ಸಾಲಾಗಿ ಕೂತು ಇಡೀ ದಿನ ಫೋನು ಮಾಡುವವರು. ಮೇಲೆ ಎ.ಸಿ. ಕೋಣೆ, ಚರ್ಮದ ಸೋಫಾ, ದೊಡ್ಡವರು ಬಂದರೆ ಕೂರಲೆಂದು ಹೊಸದಾಗಿ ಹಾಕಿಸಿದ ಬಿಳಿ ಕಮೋಡು. ಬಟ್ಟೆ ಅಂಗಡಿಯ ಕಾಲದಲ್ಲಿ ನಲವತ್ತು ಕೆಲಸಗಾರರಿಗೆ ಆರು ಕಕ್ಕಸು ಕಟ್ಟಿಸಿದ್ದರು. ಹಿತ್ತಲಲ್ಲಿ ಒಂದು ಗುಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ಈಗ ದಿನಕ್ಕೆ ನಾನೂರು ಜನ ಅಲ್ಲಿ ಉಣ್ಣುತ್ತಿದ್ದರು. ಉಂಡವರು ಎಲ್ಲಿಗೆ ಹೋಗಬೇಕು? ಆ ಆರಕ್ಕೇ ಹೋಗುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಫಿನಾಯಿಲಕ್ಕ ಸೆರಗು ಸಿಕ್ಕಿಸಿ ಒಳಗೆ ಹೊಕ್ಕರೆ ಮೊದಲನೆಯದನ್ನು ತೊಳೆದು ಆರನೆಯದಕ್ಕೆ ಬರುವ ಹೊತ್ತಿಗೆ ಮೊದಲನೆಯದು ಮತ್ತೆ ತುಂಬಿರುತ್ತಿತ್ತು. ಹನ್ನೊಂದು ಗಂಟೆಗೆ ಮೇಲಿನ ಟ್ಯಾಂಕಿನ ನೀರು ಮುಗಿಯುತ್ತಿತ್ತು. ನೀರಿಲ್ಲದವರು ಕರಪತ್ರದಲ್ಲಿ ಒರೆಸಿ ಅಲ್ಲೇ ಬಿಸಾಡುತ್ತಿದ್ದರು. ಮನೆಮನೆಗೆ ಹಂಚಲು ಹೋಗಬೇಕಾದವರು ಬಿಸಿಲಿಗೆ ಬೇಸತ್ತು, ಕಟ್ಟು ಕಟ್ಟಾಗಿ ಕಕ್ಕಸಿಗೆ ತುರುಕಿ ಖಾಲಿ ಚೀಲ ತೋರಿಸಿ ಊಟಕ್ಕೆ ಕೂರುತ್ತಿದ್ದರು. ನುಣುಪು ಕಾಗದ. ಕರಗುವುದಿಲ್ಲ, ಹರಿಯುವುದಿಲ್ಲ. ಅವಳು ಮೊಣಕೈವರೆಗೆ ಕೈ ಇಳಿಬಿಟ್ಟು ಎಳೆಯಬೇಕು. ಎಳೆದರೆ ಹೇಲಿನೊಳಗಿಂದ ಆ ಮುಖ ನಗುತ್ತಾ ಎದ್ದು ಬರುತ್ತಿತ್ತು. ಒಂದಲ್ಲ, ನೂರು ಮುಖ. ಎಲ್ಲವೂ ಒಂದೇ ನಗು.

ಇಷ್ಟು ತೊಳೆಯುವವಳು ಅದರಲ್ಲಿ ಒಂದರೊಳಗೂ ಕೂರುವ ಹಾಗಿರಲಿಲ್ಲ. ಉಸ್ತುವಾರಿ ಮೊದಲ ದಿನವೇ ಹೇಳಿಬಿಟ್ಟಿದ್ದ: "ನೋಡು, ಇದು ಕಾರ್ಯಕರ್ತರಿಗೆ. ನೀವು ನಿಮ್ಮ ವ್ಯವಸ್ಥೆ ನೋಡ್ಕೊಳ್ಳಿ." ವ್ಯವಸ್ಥೆ ಎಂದರೆ ತಡೆದುಕೊಳ್ಳುವುದು. ಸಂಜೆ ಮನೆಗೆ ಹೋಗುವವರೆಗೆ ನೀರು ಕುಡಿಯದೆ, ಕಾಲು ಒತ್ತಿಕೊಂಡು, ಇತರರದನ್ನು ತೊಳೆಯುತ್ತಾ ತಡೆದುಕೊಳ್ಳುವುದು.

ಈ ಉಸ್ತುವಾರಿ ಎಂಬುವನು ಇಡೀ ಕಚೇರಿಯ ಯಜಮಾನಿಕೆ ಹೊತ್ತವನು. ವಯಸ್ಸು ಮೂವತ್ತು ದಾಟಿರಲಿಲ್ಲ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೈಗೊಂದು ಫೋನು, ಕಿವಿಗೊಂದು ಫೋನು. ಹಿತ್ತಲಿನ ಚಪ್ಪರದಲ್ಲಿ ಒಲೆ ಉರಿಸುವ ಅಡುಗೆಯವನು ಅವನ ಬೆನ್ನ ಹಿಂದೆ ಹೇಳುತ್ತಿದ್ದ: "ನಾನು ತುಂಬಿಸ್ತೀನಿ, ಫಿನಾಯಿಲಕ್ಕ ಖಾಲಿ ಮಾಡ್ತಾಳೆ. ನಡುವೆ ಇವನು ಫೋನ್ ಮಾಡ್ತಾನೆ. ಇದಕ್ಕೆ ಪ್ರಜಾಪ್ರಭುತ್ವ ಅಂತ ಹೆಸರು."

ಖರ್ಚು ನೋಡುವ ಅಧಿಕಾರಿಗಳು ಎರಡು ಸಲ ಬಂದು ಹೋಗಿದ್ದರು. ಅವರು ಬರುವ ಸುದ್ದಿ ಅವರಿಗಿಂತ ಮೊದಲು ಬರುತ್ತಿತ್ತು. ಕುರ್ಚಿಗಳು ಮಾಳಿಗೆ ಹತ್ತುತ್ತಿದ್ದವು, ಹಂಡೆಗಳು ಪಕ್ಕದ ಗ್ಯಾರೇಜಿಗೆ ನುಸುಳುತ್ತಿದ್ದವು, ನಾನೂರು ಜನ ಬೀದಿ ಬೀದಿಗೆ ಚೆದುರುತ್ತಿದ್ದರು. ಅಧಿಕಾರಿಗಳು ಹನ್ನೆರಡು ಕುರ್ಚಿ, ಒಂದು ಚಹದ ಕ್ಯಾನು ನೋಡಿ ಬರೆದುಕೊಂಡು ಹೋದರು. ಹಿತ್ತಲಿನ ಮುಚ್ಚಳ ಎತ್ತಿ ನೋಡಿದ್ದರೆ ಎಷ್ಟು ಜನ ತಿನ್ನುತ್ತಿದ್ದಾರೆಂದು ಕುರುಡನಿಗೂ ತಿಳಿಯುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಗುಂಡಿ ಹೇಳುವುದಿಲ್ಲ. ಆದರೆ ಅಧಿಕಾರಿ ಗುಂಡಿ ನೋಡುತ್ತಾನೆಯೇ?

ಇಪ್ಪತ್ತನೆಯ ದಿನ ಉಸ್ತುವಾರಿ ಮೂಗಿಗೆ ಕರವಸ್ತ್ರ ಹಿಡಿದು ಕಕ್ಕಸಿನ ಬಾಗಿಲಿಗೆ ಬಂದಿದ್ದ.

"ಏ ಫಿನಾಯಿಲು, ಏನಿದು ಹಳದಿ? ಅಭ್ಯರ್ಥಿ ಹಲ್ಲು ಹೀಗಿದ್ರೆ ಯಾವನಾದ್ರೂ ಓಟು ಹಾಕ್ತಾನಾ?"

"ಉಜ್ಜಿದೀನಿ ಸಾರ್. ಕಲೆ ಕೂತ್ಬಿಟ್ಟಿದೆ."

"ಉಜ್ಜಿದ್ರೆ ಹೋಗಲ್ಲ. ಸುರೀಬೇಕು." ಅಂದು ಸಂಜೆಯೇ ಆಸಿಡ್ ಕ್ಯಾನುಗಳು ಬಂದವು. ಐದೈದು ಲೀಟರಿನವು, ಗೋಡೆಯುದ್ದಕ್ಕೆ ಸಾಲಾಗಿ. "ದಿನಕ್ಕೊಂದು ಕ್ಯಾನು. ಹೊಳೀಬೇಕು. ಬಗ್ಗಿ ನೋಡಿದ್ರೆ ಮುಖ ಕಾಣ್ಬೇಕು."

ಅವಳು ಸುರಿದಳು. ಮೊದಲ ದಿನ ಲೋಟದಲ್ಲಿ ಅಳೆದು ಸುರಿದಳು. ಎರಡನೆಯ ದಿನ ಕ್ಯಾನನ್ನೇ ಬಗ್ಗಿಸಿದಳು. ಆಸಿಡ್ ಬಿದ್ದಲ್ಲಿ ಬುಸ್ಸೆಂದು ಹೊಗೆ ಎದ್ದು ಕೊಳೆ ತಾನಾಗಿ ಜಾರುತ್ತಿತ್ತು. ಇಪ್ಪತ್ತು ವರ್ಷದಿಂದ ಉಜ್ಜಿ ಉಜ್ಜಿ ಅವಳ ಬಲಭುಜ ಕೀಲು ಬಿಟ್ಟ ಬಾಗಿಲಿನ ಹಾಗೆ ಜೋತುಬಿದ್ದಿತ್ತು. ಆ ಭುಜಕ್ಕೆ ಅದೊಂದು ವರವೇ ಆಯಿತು. ಬೆರಳ ಸಂದಿಯ ಚರ್ಮ ಸುಲಿದು ಹೋದರೂ, ಕೆಮ್ಮು ಹಿಡಿದರೂ, ಸುರಿದಳು. ಸುರಿದದ್ದು ಎಲ್ಲಿಗೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳ ಮನೆಯವರಿಗೆ ಗೊತ್ತಿರಲೇಬೇಕು.

ಏಕೆಂದರೆ ಅವಳ ಗಂಡ ಮುಳುಗ. ಊರಿಗೆಲ್ಲ ಅವನು ಮುಳುಗನೇ. ಗುಂಡಿಗೆ ಇಳಿಯುವುದು ಅವನ ಕಸುಬು, ಅವನ ಅಪ್ಪನ ಕಸುಬು. ಅವರ ಕಸುಬಿಗೊಂದು ಪದ್ಧತಿ ಇತ್ತು. ಮುಚ್ಚಳ ಎತ್ತಿದ ಮೇಲೆ ಮೊದಲು ದೀಪ ಇಳಿಯಬೇಕು, ಆಮೇಲೆ ಮನುಷ್ಯ. ಡಬ್ಬಿಗೆ ಎಣ್ಣೆಬಟ್ಟೆ ಹಾಕಿ ಹೊತ್ತಿಸಿ ಹಗ್ಗದಲ್ಲಿ ಇಳಿಬಿಡುವುದು. ಆರಿದರೆ ಗಾಳಿಯಿಲ್ಲ, ಇಳಿಯಬಾರದು. ಉರಿದರೆ ಇಳಿಯಬಹುದು. ಅಜ್ಜನ ಕಾಲದಿಂದ ಅವರು ದೀಪವನ್ನು ನಂಬಿದ್ದರು.

ಐದು ವರ್ಷದ ಹಿಂದೆ, ಹೋದ ಚುನಾವಣೆಯ ಕೊನೆಯ ದಿನ, ದೀಪ ಚೆನ್ನಾಗಿ ಉರಿಯುತ್ತಿತ್ತು. ಮುಳುಗನ ತಮ್ಮ ಇಳಿದ. ಅದು ಬೇರೆ ಪಕ್ಷದ ಕಚೇರಿ, ಬೇರೆ ಬಣ್ಣದ ಬಾವುಟ. ಗುಂಡಿ ಮಾತ್ರ ಇಂಥದೇ. ಕೆಳಗೆ ಕಾಲಿಟ್ಟು ಒಂದು ಸಲ ಕದಡಿದ. "ಅಣ್ಣಾ" ಎಂದ. ಅಷ್ಟೇ. ಹಗ್ಗ ಎಳೆದಾಗ ಮೇಲೆ ಬಂದದ್ದು ಹೆಣ. ಆಸಿಡ್ ಬಿದ್ದ ಗುಂಡಿಯಲ್ಲಿ ವಿಷ ಕೆಳಗೆ ಕೆಸರಿನಲ್ಲಿ ಕೂತಿರುತ್ತದೆ, ಕದಡಿದಾಗ ಏಳುತ್ತದೆ, ಮೇಲೆ ಉರಿಯುವ ದೀಪಕ್ಕೆ ಅದು ತಿಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದರು. ಅಂದಿನಿಂದ ಮುಳುಗ ಮುಚ್ಚಳ ಮುಟ್ಟುವ ಮೊದಲು ಎಲ್ಲ ಕಡೆ ಒಂದೇ ಪ್ರಶ್ನೆ ಕೇಳುತ್ತಿದ್ದ: ಆಸಿಡ್ ಹಾಕಿದ್ದೀರಾ?

ಮನೆಯಲ್ಲೂ ಕೇಳಿದ್ದ. ಒಂದು ಸಂಜೆ ಅವಳ ಕೈ ಹಿಡಿದು ಬೆರಳು ನೋಡಿ, ಮೂಸಿ, "ಏನೇ ಇದು? ಅಲ್ಲಿ ಆಸಿಡ್ ಕೊಡ್ತಾರಾ?" ಎಂದಿದ್ದ.

"ಫಿನಾಯಿಲು," ಎಂದಳು ಅವಳು.

"ಫಿನಾಯಿಲು ಚರ್ಮ ತಿನ್ನುತ್ತೇನೇ?"

"ಅಗ್ಗದ್ದು ತಿನ್ನುತ್ತೆ. ನಿನಗೇನು, ಡಾಕ್ಟರಾ? ಊಟಕ್ಕೆ ಕೂತ್ಕೋ."

ನಿಜ ಹೇಳಿದ್ದರೆ ಅವನು ಆ ಕೆಲಸಕ್ಕೆ ಹೋಗಬೇಡ ಎನ್ನುತ್ತಿದ್ದ. ಉಸ್ತುವಾರಿಯ ಹತ್ತಿರ ಜಗಳಕ್ಕೂ ಹೋಗುತ್ತಿದ್ದ. ಭುಜದ ನೋವು ಮತ್ತೆ ಶುರುವಾಗುತ್ತಿತ್ತು. ಒಂದು ಸಣ್ಣ ಸುಳ್ಳು, ಹೋಗಲಿ ಎಂದುಕೊಂಡಳು. ಪರದೆಯ ಆಚೆಯಿಂದ ಓರಗಿತ್ತಿ ಕೆಮ್ಮಿದ್ದು ಕೇಳಿಸಿತು. ಸತ್ತ ಮೈದುನನ ಹೆಂಡತಿ. ಒಂದೇ ಕೋಣೆ, ನಡುವೆ ಹಳೆಯ ಸೀರೆಯ ಪರದೆ. ಅವಳೂ ಅದೇ ಕಚೇರಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕ್ಯಾನುಗಳನ್ನು ಕಂಡಿದ್ದಳು. ಆದರೂ ಬಾಯಿ ಬಿಡಲಿಲ್ಲ. ನಲ್ಲಿಯ ಸರದಿಗೆ, ಸೋಪಿನ ಚೂರಿಗೆ, ಇಲ್ಲದ್ದಕ್ಕೆಲ್ಲ ಕಿತ್ತಾಡುವ ಇಬ್ಬರ ನಡುವೆ ಈ ಒಂದು ವಿಷಯದಲ್ಲಿ ಮಾತೇ ಇರಲಿಲ್ಲ.

ನೂರಾ ಆರನೆಯ ದಿನ ಪ್ರಚಾರದ ಕೊನೆಯ ದಿನ. ಪಕ್ಷದ ಅತಿ ದೊಡ್ಡ ನಾಯಕರು ಬರುವವರಿದ್ದರು. ಮಧ್ಯಾಹ್ನ ಮೂರಕ್ಕೆ ಕಚೇರಿಗೆ, ನಾಲ್ಕಕ್ಕೆ ಮೈದಾನಕ್ಕೆ. ಹನ್ನೆರಡೂವರೆಗೆ ಆರು ಕಕ್ಕಸೂ ಒಟ್ಟಿಗೆ ಗುಳುಗುಳು ಎಂದವು. ಒಂದು ಗಂಟೆಗೆ ಕೆಳಗಿನದು ಉಕ್ಕಿತು. ಒಂದೂಕಾಲಿಗೆ ಮೇಲಿನ ಅಂತಸ್ತಿನ ಬಿಳಿ ಕಮೋಡಿನಲ್ಲೂ ಕಂದು ನೀರು ಇಳಿಯದೆ ನಿಂತಿತು. ಗುಂಡಿಗೆ ಬೀಳುವ ಪೈಪಿನ ಬಾಯಿಯಲ್ಲಿ ನೂರು ದಿನದ ಕರಪತ್ರ ಮುದ್ದೆಯಾಗಿ ಕಟ್ಟಿಕೊಂಡಿತ್ತು.

ಉಸ್ತುವಾರಿಯ ಮುಖ ಸುಣ್ಣದ ಗೋಡೆ. ಮುಳುಗನಿಗೆ ಹೇಳಿ ಕಳಿಸಿದ.

"ಗಾಡಿ ಕರೀರಿ ಸಾರ್," ಎಂದಳು ಫಿನಾಯಿಲಕ್ಕ. ಹೇಲು ಹೀರುವ ಸಕ್ಕಿಂಗ್ ಗಾಡಿ ಊರಿನಲ್ಲಿ ಮೂರಿದ್ದವು.

"ಮೂರೂ ಮೈದಾನದಲ್ಲಿವೆ. ವೇದಿಕೆ ಹಿಂದೆ ದೊಡ್ಡವರಿಗೆ ಅಂತ ಒಂದು ಟಾಯ್ಲೆಟ್ ಹಾಕಿದಾರೆ, ಅದಕ್ಕೆ."

"ಒಂದಕ್ಕೆ ಮೂರಾ?"

"ಒಂದು ಕೆಟ್ರೆ ಇನ್ನೊಂದು, ಅದೂ ಕೆಟ್ರೆ ಇನ್ನೊಂದು. ಮೇಲಿಂದ ಆರ್ಡರು. ಕದಲಿಸೋ ಹಾಗಿಲ್ಲ. ನಿಂಗ್ಯಾಕೆ ಅದೆಲ್ಲ?"

"ಒಬ್ಬರ ಕುಂಡೆಗೆ ಮೂರು ಲಾರಿ," ಎಂದು ಅಡುಗೆಯವನು ಒಲೆಗೆ ಹೇಳಿದ.

ಮುಳುಗ ಹಗ್ಗ, ಹಾರೆ, ಡಬ್ಬಿ ಹೊತ್ತು ಬಂದ. ನಡಿಗೆಯಲ್ಲಿ ಒಂದು ಗತ್ತಿತ್ತು. ಉಸ್ತುವಾರಿ ಅವನ ಹೆಗಲ ಮೇಲೆ ಕೈ ಹಾಕಿದ. ಈ ನೂರಾ ಆರು ದಿನದಲ್ಲಿ ಅವರ ಪೈಕಿ ಯಾರನ್ನಾದರೂ ಆ ಕೈ ಮುಟ್ಟಿದ್ದು ಅದೇ ಮೊದಲು.

"ನೋಡಪ್ಪ, ಇದು ದೊಡ್ಡವರ ಮಾನದ ಪ್ರಶ್ನೆ. ಅರ್ಧ ಗಂಟೆ ಕೆಲಸ. ಮಾಡ್ಕೊಟ್ಬಿಡು. ಗೆದ್ದ ಮಾರನೇ ದಿನ ನಿನ್ನ ಕೆಲಸ ಖಾಯಂ. ನಾನೇ ಮಾತಾಡ್ತೀನಿ."

ಖಾಯಂ. ಇಪ್ಪತ್ತೆರಡು ವರ್ಷದಿಂದ ಮುಳುಗ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಯವನು. ನಾಲ್ಕು ಚುನಾವಣೆ ನಾಲ್ಕು ಸಲ ಈ ಮಾತು ಹೇಳಿತ್ತು. ಆದರೂ ಕೇಳಿದಾಗಲೆಲ್ಲ ಅವನ ಮುಖ ಅರಳುತ್ತಿತ್ತು, ನಾಯಿಗೆ ಎಲುಬು ತೋರಿಸಿದ ಹಾಗೆ. ಅದನ್ನು ನೋಡಿದರೆ ಫಿನಾಯಿಲಕ್ಕನಿಗೆ ರೇಗುತ್ತಿತ್ತು. ಅವನ ಮೇಲಲ್ಲ, ಎಲುಬು ತೋರಿಸುವ ಕೈಯ ಮೇಲೆ.

ಹಾರೆ ಹಾಕಿ ಮುಚ್ಚಳ ಸರಿಸಿದ. ವಾಸನೆ ಗೋಡೆಯ ಹಾಗೆ ಎದ್ದು ನಿಂತಿತು. ಬಾಗಿಲಲ್ಲಿ ನಿಂತಿದ್ದ ಫೋನಿನವರು ಓಕರಿಸುತ್ತಾ ಒಳಗೆ ಓಡಿದರು. ಒಳಗೆ ಎದೆಮಟ್ಟ ಕಪ್ಪು ಗಂಜಿ, ಅದರ ಮೇಲೆ ತೇಲುವ ನಗುಮುಖಗಳು. ಮುಳುಗ ಎಣ್ಣೆಬಟ್ಟೆ ಹೊತ್ತಿಸಿ ಡಬ್ಬಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ದೀಪ ಉರಿಯಿತು. ಕುಣಿಯದೆ, ಕುಗ್ಗದೆ, ದೇವರ ಮುಂದಿನ ದೀಪದ ಹಾಗೆ ನೆಟ್ಟಗೆ ಉರಿಯಿತು.

"ಉರೀತಿದೆ," ಎಂದ ಮುಳುಗ.

ಪಾತ್ರೆ ತಿಕ್ಕುತ್ತಿದ್ದ ಓರಗಿತ್ತಿ ಬೂದಿಗೈಯಲ್ಲೇ ಎದ್ದು ನಿಂತಳು. "ಅವತ್ತೂ ಉರೀತಿತ್ತು ಭಾವ."

"ಗೊತ್ತಮ್ಮ. ಕೇಳದೆ ಇಳೀತೀನಾ?" ಮುಳುಗ ಉಸ್ತುವಾರಿಯತ್ತ ತಿರುಗಿದ. "ಸಾರ್, ಆಸಿಡ್ ಹಾಕಿದೀರಾ ಇದಕ್ಕೆ?"

ಉಸ್ತುವಾರಿ ಫೋನಿನಿಂದ ತಲೆ ಎತ್ತಲಿಲ್ಲ. "ನನಗೇನು ಗೊತ್ತು? ತೊಳೆಯೋಳು ನಿನ್ನ ಹೆಂಡ್ತಿ. ಅವಳನ್ನೇ ಕೇಳು."

ಮುಳುಗ ಅವಳತ್ತ ನೋಡಿದ. ಅವಳು ಬಾಯಿ ತೆರೆದಳು.  ಉಸ್ತುವಾರಿಯ ಕಣ್ಣು ಈಗ ಫೋನು ಬಿಟ್ಟು ಅವಳ ಮೇಲಿತ್ತು. ಹೇಳು ನೋಡೋಣ ಎನ್ನುವ ಕಣ್ಣು. ಅವಳು ಬಾಯಿ ಮುಚ್ಚಿ, ಸುಲಿದ ಬೆರಳುಗಳನ್ನು ಸೆರಗಿನಡಿ ಸೇರಿಸಿದಳು.

ಮುಳುಗ ನಕ್ಕ. "ಸರಿ ಬಿಡಿ, ಅವಳನ್ನೇನು ಕೇಳೋದು. ಗುಂಡಿಗೆ ಇಳಿಯೋನ ಹೆಂಡ್ತಿ ಸಾರ್ ಅವಳು. ಅವಳು ಹಾಕಲ್ಲ."

ಡಬ್ಬಿ ಮೇಲೆಳೆದಿಟ್ಟು ಅಂಗಿ ಕಳಚಿದ. ಹಗ್ಗ ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ತುದಿಯನ್ನು ಹಿಡಿದುಕೊಳ್ಳಲು ಅಡುಗೆಯವನ ಕೈಗೆ ಕೊಟ್ಟ. ಅಂಚಿಗೆ ಕೂತು ಒಂದು ಕಾಲು ಒಳಗೆ ಬಿಟ್ಟ.

ಫಿನಾಯಿಲಕ್ಕ ನೆಗೆದು ಬಂದು ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಕೆಡವಿದಳು. ಅವನು ಅಂಗಾತ ಬಿದ್ದ. ಅವನು ಏಳುವುದರೊಳಗೆ ಹಾರೆ ಎತ್ತಿ ಮುಚ್ಚಳದ ಅಡಿಗೆ ಕೊಟ್ಟು ಮೀಟಿದಳು. ಕೀಲು ಬಿಟ್ಟ ಆ ಭುಜದಲ್ಲಿ ಎಲ್ಲಿತ್ತೋ ಆ ಬಲ. ಕಬ್ಬಿಣ ಕಿರ್ರೆಂದು ಜರುಗಿ ಧಡ್ಡೆಂದು ಗುಂಡಿಯ ಬಾಯಿ ಮುಚ್ಚಿತು. ಅವಳು ಅದರ ಮೇಲೆ ಕೂತಳು. ಬಿಸಿಲಿಗೆ ಕಾದ ಕಬ್ಬಿಣ ತೊಡೆ ಸುಟ್ಟಿತು. ಏಳಲಿಲ್ಲ.

"ತಲೆ ಕೆಟ್ಟಿದೆಯೇನೇ?" ಮುಳುಗ ಮಣ್ಣು ಕೊಡವಿಕೊಳ್ಳುತ್ತಾ ಎದ್ದ. "ನನ್ನ ಖಾಯಂ ಕೆಲಸ ಕಣೇ! ಎದ್ದೇಳು!"

"ಏಳಲ್ಲ."

"ಯಾಕೆ?"

"ನಾನೇ ಹಾಕಿದೀನಿ."

"ಏನು?"

"ಆಸಿಡ್ಡು. ದಿನಾ ಒಂದು ಕ್ಯಾನು. ಎಂಬತ್ತೈದು ದಿನ. ಇವನು ಕೊಟ್ಟ, ನಾನು ಸುರಿದೆ. ಫಿನಾಯಿಲು ಅಂತ ನಿಂಗೆ ಸುಳ್ಳು ಹೇಳ್ದೆ. ಭುಜ ನೋಯ್ತಿತ್ತು, ಸುರಿದೆ. ಈಗ ಹೊಡೀತೀಯೋ ಹೊಡಿ, ಬಿಡ್ತೀಯೋ ಬಿಡು. ಇಳಿಯೋಕೆ ಮಾತ್ರ ಬಿಡಲ್ಲ."

ಅಡುಗೆಯವನು ಕೈಯಲ್ಲಿದ್ದ ಹಗ್ಗದ ತುದಿ ಕೆಳಗೆ ಬಿಟ್ಟ. 

ಉಸ್ತುವಾರಿಗೆ ಮಾತ್ರ ಅದೇನೂ ತಟ್ಟಲಿಲ್ಲ. "ಏ, ನಾಟಕ ಸಾಕು. ಮಾಸ್ಕ್ ತರಿಸ್ತೀನಿ, ಕರವಸ್ತ್ರ ಒದ್ದೆ ಮಾಡಿ ಕಟ್ಕೊಂಡು ಇಳೀಲಿ. ಐದು ನಿಮಿಷದ ಕೆಲಸಕ್ಕೆ ಯಾರು ಸಾಯ್ತಾರೆ?"

"ನನ್ನ ಗಂಡ ಸತ್ತ," ಎಂದಳು ಓರಗಿತ್ತಿ.

"ಗಂಡನ್ನ ತಿಂದ್ಕೊಂಡೋಳು ನೀನು, ನಿನ್ನನ್ಯಾರು ಕೇಳಿದ್ರು? ಪಾತ್ರೆ ತಿಕ್ಕೋಗು."

ಓರಗಿತ್ತಿ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಬಿಟ್ಟಳು. ಅದು ಗರಗರ ಸುತ್ತಿ ನಿಲ್ಲುವವರೆಗೆ ಅವನನ್ನೇ ನೋಡಿದಳು. ನೆಟ್ಟಗೆ ನಡೆದು ಬಂದು ಮುಚ್ಚಳದ ಇನ್ನರ್ಧದ ಮೇಲೆ, ಫಿನಾಯಿಲಕ್ಕನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

"ಸ್ವಲ್ಪ ಸರಿ ಅಕ್ಕ. ಎಲ್ಲ ಜಾಗನೂ ನೀನೇ ಹಿಡ್ಕೋತೀಯ, ಮನೇಲಿ ಹಿಡ್ಕೊಂಡ ಹಾಗೆ."

"ಕೂತ್ಕೋ ಬಾಯಿ ಮುಚ್ಕೊಂಡು."

"ಕ್ಯಾನು ನಾನು ನೋಡಿದ್ದೆ. ಭಾವಂಗೆ ಹೇಳ್ಬೇಕಿತ್ತು." ಓರಗಿತ್ತಿಯ ಧ್ವನಿ ತಗ್ಗಿತು. "ನಿಂಗೂ ನನ್ನ ಹಾಗೇ ಆಗ್ಲಿ ಅಂತ ಒಂದು ದಿನ ಅನ್ಸಿತ್ತು ಅಕ್ಕ. ಒಂದೇ ದಿನ."

ಫಿನಾಯಿಲಕ್ಕ ಜರುಗಿ ಜಾಗ ಕೊಟ್ಟಳು. ಬೆನ್ನನ್ನು ಮಾತ್ರ ಸರಿಸಲಿಲ್ಲ.

ಉಸ್ತುವಾರಿ ಗದರಿದ. ಪೊಲೀಸ್ ಎಂದ. ಇಬ್ಬರನ್ನೂ ಎಳೆದು ಹಾಕಿರೋ ಎಂದು ಕಾರ್ಯಕರ್ತರನ್ನು ಕೂಗಿದ. ನಾಲ್ವರು ಬಂದರು, ಗುಂಡಿಯ ಹತ್ತಿರ ಬರುವ ಮೊದಲೇ ಮೂಗು ಮುಚ್ಚಿಕೊಂಡರು. ಇಬ್ಬರ ಸೀರೆಗೂ ಹೇಲು ಮೆತ್ತಿತ್ತು. ಮುಟ್ಟಲು ಯಾರೂ ಮುಂದಾಗಲಿಲ್ಲ. ಆಯುಷ್ಯವಿಡೀ ಅವರನ್ನು ದೂರ ಇಟ್ಟಿದ್ದ ಅದೇ ಅಸಹ್ಯ ಅಂದು ಅವರಿಬ್ಬರ ಸುತ್ತ ಕೋಟೆಯಾಯಿತು. ಫಿನಾಯಿಲಕ್ಕ ಅದನ್ನು ನೋಡಿ ಹಲ್ಲು ಬಿಟ್ಟು ನಕ್ಕಳು. "ಬನ್ರಪ್ಪಾ. ಯಾಕೆ, ನಿಮ್ಮದೇ ಅಲ್ವಾ ಇದು?"

ಉಸ್ತುವಾರಿ ಮುಳುಗನ ಕಡೆ ತಿರುಗಿದ. "ಗಂಡಸಾ ನೀನು? ಹೆಂಡ್ತಿನ ಎಬ್ಬಿಸೋಕಾಗಲ್ವಾ? ನೀನಲ್ಲದಿದ್ರೆ ಇನ್ನೊಬ್ಬ. ನಿಮ್ಮಂಥೋರು ನೂರು ಜನ ಸಿಗ್ತಾರೆ ನನಗೆ."

ಮುಳುಗ ಇಷ್ಟು ಹೊತ್ತು ಹೆಂಡತಿಯ ಬೆರಳುಗಳನ್ನೇ ನೋಡುತ್ತಿದ್ದ. ಚರ್ಮ ಸುಲಿದು ಕೆಂಪಗಾದ ಬೆರಳು. ನಿಧಾನವಾಗಿ ಸೊಂಟದ ಗಂಟು ಬಿಚ್ಚಿದ. ಹಗ್ಗವನ್ನು ಎರಡು ಕೈಯಲ್ಲಿ ಹಿಡಿದು ಉಸ್ತುವಾರಿಯ ಮುಂದೆ ಬಂದು ನಿಂತ.

"ನೀವು ಇಳೀರಿ ಸಾರ್."

"ಏನು?"

"ಐದು ನಿಮಿಷದ ಕೆಲಸ. ಯಾರೂ ಸಾಯಲ್ಲ ಅಂದ್ರಲ್ಲ. ನೀವು ಇಳೀರಿ, ಹಗ್ಗ ನಾನು ಹಿಡ್ಕೋತೀನಿ. ಇಪ್ಪತ್ತೆರಡು ವರ್ಷದ ಅನುಭವ. ಚೆನ್ನಾಗಿ ಹಿಡ್ಕೋತೀನಿ. ಒದ್ದೆ ಮಾಡೋಕೆ ಕರವಸ್ತ್ರ ನಿಮ್ಮದೇ ಇದೆ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉಸ್ತುವಾರಿ ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನೊಬ್ಬನ್ನ ಕರೀತೀರಾ, ಕರೀರಿ," ಎಂದ ಮುಳುಗ. "ಬರೋನಿಗೆ ನಾನೇ ಹೇಳ್ತೀನಿ. ದೀಪ ಉರೀತು, ಆದ್ರೆ ಆಸಿಡ್ ಇದೆ ಅಂತ. ಅವನೂ ಇಲ್ಲೇ ಕೂತ್ಕೋತಾನೆ. ನೂರು ಜನ ಬಂದ್ರೆ ನೂರು ಜನಾನೂ ಕೂತ್ಕೋತೀವಿ. ಜಾಗ ಮಾಡ್ಕೋತೀವಿ."

ಉಸ್ತುವಾರಿಯ ಬಲಗೈ ಫೋನು ಹೊಡೆದುಕೊಂಡಿತು. ಅವನು ಕಿವಿಗಿಟ್ಟ. "ಹ್ಞಾ ಸಾರ್. ಆಗಿದೆ ಸಾರ್. ಏನ್ ಸಾರ್?" ಮುಖದಲ್ಲಿದ್ದ ಚೂರುಪಾರು ರಕ್ತವೂ ಇಳಿಯಿತು. "ಹೊಟ್ಟೆನಾ ಸಾರ್? ಬಂದ ಕೂಡಲೇನಾ? ಸರಿ ಸಾರ್. ಇಲ್ಲ ಸಾರ್, ಎಲ್ಲ ಕ್ಲೀನಾಗಿದೆ ಸಾರ್."

ನೂರಾ ಆರು ದಿನ ಊರೂರಿನ ಮೃಷ್ಟಾನ್ನ ಉಂಡು ದೊಡ್ಡವರ ಹೊಟ್ಟೆ ಕೆಟ್ಟಿತ್ತು. ಕಾರು ಆಗಲೇ ಹೆದ್ದಾರಿಯಲ್ಲಿತ್ತು. ಮೈದಾನದವರೆಗೆ ತಡೆಯಲಾರರಂತೆ. ಕಚೇರಿಗೆ ಇಳಿದ ತಕ್ಷಣ ಬೇಕಂತೆ.

ಅಡುಗೆಯವನು ಎರಡನೆಯ ಪಂಕ್ತಿಯ ಅನ್ನಕ್ಕೆಂದು ಹಂಡೆಗೆ ನೀರು ಸುರಿದು ಒಲೆಯ ಮೇಲಿಟ್ಟ. ಉಸ್ತುವಾರಿ ಎಡಗೈ ಫೋನು ಒತ್ತಿದ. ಈ ಸಲ ದೂರ ಹೋಗಿ, ಗೋಡೆಗೆ ಮುಖ ಮಾಡಿ, ತಗ್ಗಿದ ಧ್ವನಿಯಲ್ಲಿ ಮಾತಾಡಿದ. "ಒಂದು ಗಾಡಿ ಸಾರ್. ಒಂದೇ ಒಂದು. ದೊಡ್ಡವರಿಗೇ ಸಾರ್. ಬೇರೆ ಯಾರಿಗೂ ಅಲ್ಲ."

ಹಂಡೆಯ ಎಸರು ಇನ್ನೂ ಕುದಿ ಬಂದಿರಲಿಲ್ಲ. ಗೇಟಿನಲ್ಲಿ ಹಾರನ್ ಕೇಳಿಸಿತು. ಸಕ್ಕಿಂಗ್ ಗಾಡಿ ಹಿಂದು ಹಿಂದಾಗಿ ಹಿತ್ತಲಿಗೆ ಬಂದು ನಿಂತಿತು.

"ಅಯ್ಯೋ ನಿನ್ನ!" ಎಂದ ಅಡುಗೆಯವನು. "ಎಸರು ಕುದಿಯೋ ಮುಂಚೆ ಬಂತಲ್ಲೋ ಇದು!"

ಗಾಡಿಯ ಡ್ರೈವರ್ ಇಳಿದ. ನಡುವಯಸ್ಸಿನವನು, ಕಣ್ಣಲ್ಲಿ ನಿದ್ದೆಯ ಜೊಂಪು. "ಏಳ್ರಕ್ಕ, ಪೈಪ್ ಬಿಡ್ಬೇಕು," ಎಂದ. ಫಿನಾಯಿಲಕ್ಕ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. ಪೈಪು ಮುಟ್ಟಿ ನೋಡಿದಳು. ಆಮೇಲೆ ಎದ್ದಳು. ತೊಡೆಯ ಹಿಂಭಾಗ ಬೊಬ್ಬೆ ಬಂದಿತ್ತು. ಮುಳುಗ ಹಾರೆ ಹಾಕಿ ಮುಚ್ಚಳ ಸರಿಸಿ, ಅವಳ ರಟ್ಟೆ ಹಿಡಿದು ಗುಂಡಿಯಿಂದ ದೂರ ಕರೆದುಕೊಂಡು ಹೋದ. ಬಯ್ಯಲಿಲ್ಲ. ಕೈಯನ್ನೂ ಬಿಡಲಿಲ್ಲ.

ಡ್ರೈವರ್ ಗುಂಡಿ ಮೂಸಿ ಮುಖ ತಿರುಗಿಸಿದ. "ಆಸಿಡ್ ಜಡಿದಿದಾರೆ. ಇದಕ್ಕೆ ಯಾರೂ ಇಳಿದಿಲ್ಲ ತಾನೆ?"

"ಇಲ್ಲ."

"ಬಚಾವ್." ಮೋಟಾರು ಚಾಲೂ ಮಾಡಿದ. ಪೈಪು ಹಾವಿನ ಹಾಗೆ ಒದ್ದಾಡಿತು. ಎದೆಮಟ್ಟದ ಗಂಜಿ ಇಳಿಯುತ್ತಾ ಹೋಯಿತು. ಆಮೇಲೆ ಒತ್ತಡದ ನೀರು ಬಿಟ್ಟಾಗ ಪೈಪಿನ ಬಾಯಿಯಿಂದ ಮುದ್ದೆ ಕಿತ್ತು ಬಂತು. ಎಮ್ಮೆ ಕರುವಿನಷ್ಟು ದೊಡ್ಡದು. ಪದರು ಪದರು ನಗು.

ಓರಗಿತ್ತಿ ಗಾಡಿಯ ಚಕ್ರದ ಹತ್ತಿರ ನಿಂತಿದ್ದಳು.

"ಏನಪ್ಪಾ, ಹೋದ ಎಲೆಕ್ಷನ್ನಲ್ಲೂ ಈ ಗಾಡಿ ನೀನೇ ಓಡಿಸ್ತಿದ್ದೆಯಾ?"

"ಹ್ಞೂಂ ಅಕ್ಕ. ಹನ್ನೊಂದು ವರ್ಷ ಆಯ್ತು ಇದರ ಜೊತೆ. ಹೆಂಡ್ತಿಗಿಂತ ಹಳೇದು."

"ಕೊನೇ ದಿನ, ದೊಡ್ಡ ಸಭೆ ಇತ್ತಲ್ಲ. ಅವತ್ತು ಎಲ್ಲಿದ್ದೆ?"

"ಅವತ್ತಾ? ಮೈದಾನದಲ್ಲೇ. ಇವತ್ತಿನ ಹಾಗೇ, ವೇದಿಕೆ ಹಿಂದೆ. ಬೆಳಗ್ಗೆಯಿಂದ ಸಂಜೆ ತನಕ ನಿಲ್ಲಿಸಿದ್ರು. ಗಾಡಿ ಕೆಳಗೆ ಟವೆಲ್ ಹಾಸಿ ಒಂದು ನಿದ್ದೆ ತೆಗೆದೆ. ಯಾರೂ ಕರೀಲಿಲ್ಲ." ಅವನು ಅವಳ ಮುಖ ನೋಡಿದ. "ಯಾಕಕ್ಕ?"

 ಅವಳು ಬೂದಿ ಮೆತ್ತಿದ ಅಂಗೈಯನ್ನು ಗಾಡಿಯ ಬಿಸಿ ತಗಡಿಗೆ ಊರಿ, ತಲೆ ತಗ್ಗಿಸಿ ನಿಂತಳು. ಆಮೇಲೆ ಅವಳ ಹೊಟ್ಟೆಯಿಂದ ಏನೋ ಎದ್ದು ಬಂತು. ಅಳುವೆಂದು ಫಿನಾಯಿಲಕ್ಕ ಅಂದುಕೊಂಡಳು. ಅಳುವಲ್ಲ. ಓರಗಿತ್ತಿ ವಾಂತಿ ಮಾಡಿದಳು. ಐದು ವರ್ಷ ಇಂಥ ಕಚೇರಿಗಳ ಎಂಜಲು ತಟ್ಟೆ ತಿಕ್ಕಿದವಳು, ಗುಂಡಿಯ ವಾಸನೆಗೆ ಒಂದು ಸಲವೂ ಮೂಗು ಮುರಿಯದವಳು, ಚಕ್ರ ಹಿಡಿದು ಕರುಳು ಕಿತ್ತು ಬರುವ ಹಾಗೆ ಕಾರಿದಳು. ಫಿನಾಯಿಲಕ್ಕ ಓಡಿ ಹೋಗಿ ಅವಳ ಹಣೆ ಹಿಡಿದುಕೊಂಡಳು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಪಟಾಕಿ ಸಿಡಿಯಿತು, ಉಸ್ತುವಾರಿ ಅತ್ತ ಓಡಿದ. ಕಾರುಗಳು ಬಂದವು, ಜಯವಾಗಲಿ ಎಂದರು, ಡೋಲು ಬಡಿಯಿತು. ಮೆಟ್ಟಿಲ ಮೇಲೆ ತುಂಬಾ ಕಾಲುಗಳು ಅವಸರವಾಗಿ ಮೇಲೇರಿದವು. ಎಲ್ಲಕ್ಕಿಂತ ಮುಂದಿನ ಕಾಲು ಎಲ್ಲಕ್ಕಿಂತ ಅವಸರದ್ದು. ಮೇಲಿನ ಅಂತಸ್ತಿನ ಬಾಗಿಲು ಬಡಿದುಕೊಂಡಿತು. ಜಯಕಾರ ನಿಂತು ಎಲ್ಲರೂ ಉಸಿರು ಹಿಡಿದು ಕಾದರು.

ಸ್ವಲ್ಪ ಹೊತ್ತಿಗೆ ಮೇಲೆ, ದೊಡ್ಡವರಿಗೆಂದೇ ತುಂಬಿಸಿಟ್ಟಿದ್ದ ನೀರು ಬಿಟ್ಟ ಸದ್ದು. ಗೋಡೆಯ ಪೈಪಿನಲ್ಲಿ ಅದು ಗುಡುಗುಡು ಇಳಿದು ಬಂತು. ಹಿತ್ತಲಿನ ಐವರೂ ತಿರುಗಿ ನೋಡಿದರು. ತೆರೆದ ಗುಂಡಿಯೊಳಗೆ ಅದು ದೊಪ್ಪನೆ ಬಿತ್ತು.

ಕೆಳಗೆ ಯಾರ ತಲೆಯೂ ಇರಲಿಲ್ಲ.